ಕೆಳಕೋರ್ಟಿನ ಕೂಡುಲೆಕ್ಕ

ಜಯನಗರದಲ್ಲಿ ಗೇಟಿನ ಬೋರ್ಡುಗಳನ್ನು ಓದಿಕೊಂಡು ಹೋಗುವುದೇ ಬೆಳಗಿನ ವಾಕಿಂಗಿನ ಅರ್ಧ ಸುಖ. ಮುಖ್ಯ ಇಂಜಿನಿಯರ್ (ನಿ), ಪ್ರಾಂಶುಪಾಲರು (ನಿ), ಜನರಲ್ ಮ್ಯಾನೇಜರ್ (ನಿ). ಡಾಕ್ಟರರದ್ದಂತೂ ಕೇಳಲೇಬೇಡಿ, ಡಾಕ್ಟರರು ಹೋಗಿ ಹತ್ತು ವರ್ಷವಾದರೂ ಬೋರ್ಡು ಮಾತ್ರ ಸಂಜೆ ಐದರಿಂದ ಎಂಟರವರೆಗೆ ರೋಗಿಗಳನ್ನು ನೋಡುತ್ತಲೇ ಇರುತ್ತದೆ. ಆದರೆ ‘ಜಿಲ್ಲಾ ನ್ಯಾಯಾಧೀಶರು (ನಿ)’ ಅನ್ನುವ ಬೋರ್ಡು ಹುಡುಕಿದರೂ ಸಿಗುವುದು ಅಪರೂಪ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ನಿವೃತ್ತ ಜಡ್ಜ್ ಇದ್ದಾರೆ. ಅವರ ಗೇಟಿನ ಮೇಲೆ ಮನೆ ನಂಬರು ಬಿಟ್ಟರೆ ‘ವಾಹನ ನಿಲ್ಲಿಸಬೇಡಿ’ ಅಂತ ಮಾತ್ರ ಇದೆ. ಯಾಕೆ ಸಾರ್ ಅಂತ ಒಂದು ದಿನ ಕೇಳಿಯೇಬಿಟ್ಟೆ.

‘ಬೋರ್ಡು ಹಾಕಿದ್ರೆ ನಾಳೆ ಬೆಳಿಗ್ಗೆ ಆರೂವರೆಗೆ ಯಾರೋ ಒಬ್ಬರು ಸೈಟಿನ ಸ್ಕೆಚ್ ಹಿಡ್ಕೊಂಡು ಬಂದು ನಿಂತಿರ್ತಾರೆ ಮೇಷ್ಟ್ರೇ. ನಿಮ್ಮ ಮನೆಗೆ ಯಾರಾದ್ರೂ ಲೆಕ್ಕ ಬಿಡಿಸಿಕೊಡಿ ಅಂತ ಬರ್ತಾರೇನು?’

ನಾನು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವನು. ಯಾರೂ ಬರುವುದಿಲ್ಲ, ನಿಜ.

ಈ ಜಡ್ಜ್ ಸಾಹೇಬರ ಜೊತೆ ಕೂತು ಹರಟುವುದಕ್ಕೆ ಮೊದಲು ನನಗೆ ಕೋರ್ಟು ಅಂದರೆ ಸಿನಿಮಾದ ಕೋರ್ಟು. ಮರದ ಸುತ್ತಿಗೆ, ‘ಆರ್ಡರ್ ಆರ್ಡರ್’, ಕಟಕಟೆಯಲ್ಲಿ ಕಣ್ಣೀರು. ಅವರು ತಮ್ಮ ಇಡೀ ಸರ್ವೀಸಿನಲ್ಲಿ ಸುತ್ತಿಗೆ ಮುಟ್ಟಿಲ್ಲವಂತೆ. ‘ನಮ್ಮ ಕೋರ್ಟಿನಲ್ಲಿ ಸದ್ದು ಮಾಡ್ತಿದ್ದದ್ದು ಫ್ಯಾನು ಒಂದೇ’ ಅನ್ನುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಪೀಠಕ್ಕೆ ಬಂದರೆ ಮೊದಲು ಕಾಲಿಂಗ್ ವರ್ಕು. ಬೆಂಚ್ ಕ್ಲರ್ಕ್ ಒಂದೊಂದೇ ಕಡತ ಮುಂದಿಡುವುದು, ಬಾಗಿಲಲ್ಲಿ ನಿಂತ ದಲಾಯತ್ ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು, ವಕೀಲರು ಎದ್ದು ಒಂದು ಕಾರಣ ಹೇಳುವುದು, ಇವರು ಮುಂದಿನ ತಾರೀಕು ಬರೆಯುವುದು. ಅದು ಮುಗಿಯುವ ಹೊತ್ತಿಗೆ ಅರ್ಧ ದಿನ. ಆಮೇಲೆ ಸಾಕ್ಷಿ. ಮುಖ್ಯ ವಿಚಾರಣೆ, ಪಾಟೀಸವಾಲು. ಸಾಕ್ಷಿ ಕನ್ನಡದಲ್ಲೋ ತಮಿಳಿನಲ್ಲೋ ಉರ್ದುವಿನಲ್ಲೋ ಹೇಳಿದ್ದನ್ನು ಜಡ್ಜ್ ಸ್ಟೆನೊಗೆ ಹೇಳಿ ಬರೆಸಬೇಕು. ಬರೆಸುತ್ತಲೇ ಸಾಕ್ಷಿಯ ಮುಖವನ್ನೂ ನೋಡುತ್ತಿರಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 280ನೇ ಸೆಕ್ಷನ್ ಇದಕ್ಕೆಂದೇ ಇತ್ತು: ಸಾಕ್ಷಿ ಹೇಳುವಾಗ ಅವನ ಹಾವಭಾವ ಹೇಗಿತ್ತು ಅನ್ನುವುದನ್ನು, ಬರೆಯುವಂಥದ್ದಿದ್ದರೆ, ಜಡ್ಜ್ ಬರೆದಿಡಬೇಕು. ಎಲ್ಲಿ ತಡವರಿಸಿದ, ಯಾರ ಕಡೆ ನೋಡಿ ಉತ್ತರ ಕೊಟ್ಟ, ಯಾವ ಪ್ರಶ್ನೆಗೆ ನೀರು ಕೇಳಿದ. ಹೈಕೋರ್ಟಿಗೆ ಹೋಗುವುದು ಕಾಗದ. ಸುಪ್ರೀಂ ಕೋರ್ಟಿಗೆ ಹೋಗುವುದು ಇನ್ನೂ ದಪ್ಪ ಕಾಗದ. ಮನುಷ್ಯನ ಮುಖ ಕಾಣುವುದು ಕೆಳಕೋರ್ಟಿನಲ್ಲಿ ಮಾತ್ರ.

ತೀರ್ಪು ಬರೆಯುವುದು ಮನೆಯಲ್ಲಿ, ರಾತ್ರಿ. ಸಾಹೇಬರ ಶ್ರೀಮತಿಯವರು ಹೇಳುವ ಪ್ರಕಾರ ಮದುವೆಯಾದ ಹೊಸತರಲ್ಲಿ ಅವರು ಊಟದ ಮೇಜಿನ ಮೇಲೆ ಊಟ ಬಡಿಸಿದ್ದು ಕಡಿಮೆ, ಕೇಸಿನ ಕಟ್ಟು ಎತ್ತಿಟ್ಟದ್ದು ಜಾಸ್ತಿ. ಮೂರು ವರ್ಷಕ್ಕೊಂದು ವರ್ಗ. ಮಕ್ಕಳು ಒಂದು ಊರಿನಲ್ಲಿ ಒಂದನೇ ಕ್ಲಾಸು, ಇನ್ನೊಂದು ಊರಿನಲ್ಲಿ ನಾಲ್ಕನೇ ಕ್ಲಾಸು. ಊರಿಗೆ ಹೋದ ಹೊಸದರಲ್ಲಿ ಯಾರ ಮನೆಗೂ ಹೋಗುವಂತಿಲ್ಲ, ಹಳಬರಾದ ಮೇಲಂತೂ ಇನ್ನೂ ಹೋಗುವಂತಿಲ್ಲ. ವಕೀಲರ ಮನೆಯ ಮದುವೆಗೆ ಹೋದರೆ ಎದುರು ಪಕ್ಷದ ವಕೀಲರು ಫೋಟೊ ನೋಡುತ್ತಾರೆ. ತರಕಾರಿಯವನ ಹತ್ತಿರ ಚೌಕಾಸಿ ಮಾಡಿದರೆ ನಾಳೆ ಅವನೇ ಬಾಡಿಗೆ ಕೇಸಿನಲ್ಲಿ ಪ್ರತಿವಾದಿಯಾಗಿ ಎದುರಿಗೆ ನಿಂತಿರಬಹುದು. ಹಾಗಾಗಿ ಇವರು ಕ್ಲಬ್ಬಿಗೂ ಸೇರಲಿಲ್ಲ, ಚೌಕಾಸಿಯನ್ನೂ ಕಲಿಯಲಿಲ್ಲ. ಈಗ ನಿವೃತ್ತಿಯಾಗಿ ಎಷ್ಟೋ ಕಾಲವಾಗಿದ್ದರೂ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ ಅವರೇಕಾಯಿಗೆ ಕೇಳಿದಷ್ಟು ಕೊಟ್ಟು ಬರುತ್ತಾರೆ. ಅವರ ಜೊತೆ ಹೋದರೆ ನನಗೂ ಅದೇ ರೇಟು ಬೀಳುವುದರಿಂದ ನಾನು ಸ್ವಲ್ಪ ಹಿಂದೆ ನಡೆಯುತ್ತೇನೆ.

ಒಂದು ಸಂಜೆ ಅವರನ್ನು ಕೇಳಿದೆ: ‘ಸಾರ್, ನಿಮ್ಮ ಲೆಕ್ಕದಲ್ಲಿ ದೊಡ್ಡ ಜಡ್ಜ್ ಯಾರು?’ ಇ.ಎಸ್. ವೆಂಕಟರಾಮಯ್ಯ ಅನ್ನುತ್ತಾರೆ, ಎಂ.ಎನ್. ವೆಂಕಟಾಚಲಯ್ಯ ಅನ್ನುತ್ತಾರೆ, ಇಬ್ಬರೂ ನಮ್ಮ ಕಡೆಯವರು, ದೇಶದ ಮುಖ್ಯ ನ್ಯಾಯಮೂರ್ತಿಗಳಾದವರು ಅಂದುಕೊಂಡಿದ್ದೆ. ಸಾಹೇಬರು ಕಾಫಿ ಲೋಟ ಕೆಳಗಿಟ್ಟು, ‘ಅವರೆಲ್ಲ ದೊಡ್ಡವರೇ. ಆದ್ರೆ ನಮ್ಮ ಕೆಲಸ ಬೇರೆ. ನಮ್ಮ ಕೆಲಸದಲ್ಲಿ ದೊಡ್ಡವರು ಅಂದ್ರೆ ಕುನ್ಹಾ’ ಅಂದರು.

ಜಾನ್ ಮೈಕೆಲ್ ಕುನ್ಹಾ. ಹೆಸರು ಕೇಳಿದ ತಕ್ಷಣ ನೆನಪಾಗದಿದ್ದರೆ 2014ರ ಸೆಪ್ಟೆಂಬರ್ 27ನ್ನು ನೆನಪಿಸಿಕೊಳ್ಳಿ. ಶನಿವಾರ. ನವರಾತ್ರಿಯ ಮೊದಲ ದಿನಗಳು, ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿದ್ದೆವು. ನೋಡಲು ಬರಬೇಕಾದವರೆಲ್ಲ ಟಿ.ವಿ. ಮುಂದೆ. ಪರಪ್ಪನ ಅಗ್ರಹಾರದ ಜೈಲಿನ ಆವರಣದ ಕೋರ್ಟಿನಲ್ಲಿ ಆವತ್ತು ಜಯಲಲಿತಾ ಅವರ ಅಕ್ರಮ ಆಸ್ತಿ ಕೇಸಿನ ತೀರ್ಪು. ಸೆಪ್ಟೆಂಬರ್ 20ಕ್ಕೆ ಬರಬೇಕಾಗಿದ್ದದ್ದು ಭದ್ರತೆಯ ಕಾರಣಕ್ಕೆ ಒಂದು ವಾರ ಮುಂದಕ್ಕೆ ಹೋಗಿ, ಜಾಗವೂ ಅಲ್ಲಿಗೆ ಬದಲಾಗಿತ್ತು. ಹೊಸೂರು ರಸ್ತೆ ತುಂಬ ಪೊಲೀಸರು. ತಪ್ಪಿತಸ್ಥರು ಅಂತ ಹೇಳಿದ ಮೇಲೆ, ಶಿಕ್ಷೆಯ ಪ್ರಮಾಣದ ಬಗ್ಗೆ ನಿಮ್ಮದೇನಾದರೂ ಹೇಳುವುದಿದೆಯೇ ಅಂತ ಕೇಳಬೇಕು, ಅದು ಕಾನೂನು. ಕೇಳಿದರು. ಸಂಜೆಯ ಹೊತ್ತಿಗೆ ನಾಲ್ಕು ವರ್ಷ ಜೈಲು, 100 ಕೋಟಿ ರೂಪಾಯಿ ದಂಡ. ಜೊತೆಗಿದ್ದ ಶಶಿಕಲಾ, ಇಳವರಸಿ, ಸುಧಾಕರನ್ ಅವರಿಗೂ ನಾಲ್ಕು ವರ್ಷ, ತಲಾ 10 ಕೋಟಿ. ಬೆಳಿಗ್ಗೆ ಮುಖ್ಯಮಂತ್ರಿಯಾಗಿ ಕೋರ್ಟಿನೊಳಗೆ ಹೋದವರು ಸಂಜೆ ಕೈದಿ ನಂಬರ್ 7402. ಲಿಲಿ ಥಾಮಸ್ ಕೇಸಿನಲ್ಲಿ ಸುಪ್ರೀಂ ಕೋರ್ಟು 2013ರ ಜುಲೈನಲ್ಲಿ ಹೇಳಿದ್ದರಿಂದ, ಶಿಕ್ಷೆಯಾದ ಗಳಿಗೆಯಲ್ಲೇ ಶಾಸಕಿ ಸ್ಥಾನವೂ ಹೋಯಿತು, ಕುರ್ಚಿಯೂ ಹೋಯಿತು. ಅಧಿಕಾರದಲ್ಲಿದ್ದಾಗಲೇ ಹಾಗೆ ಸ್ಥಾನ ಕಳೆದುಕೊಂಡ ಮೊದಲ ಮುಖ್ಯಮಂತ್ರಿ ಅವರು.

ಇಲ್ಲಿ ಒಂದು ಅಡ್ಡಮಾತು. ಜಯಲಲಿತಾ ಹುಟ್ಟಿದ್ದು ನಮ್ಮ ಮೇಲುಕೋಟೆಯಲ್ಲಿ, 1948ರ ಫೆಬ್ರವರಿ 24. ಓದಿದ್ದು ಕೆಲಕಾಲ ಇದೇ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. 1964ರಲ್ಲಿ ಬಂದ ‘ಚಿನ್ನದ ಗೊಂಬೆ’ಯಲ್ಲಿ ಕನ್ನಡಕ್ಕೂ ನಾಯಕಿ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದೂ 1948ರಲ್ಲೇ, ಜಯಚಾಮರಾಜ ಒಡೆಯರ ಹೆಸರಿನಲ್ಲಿ. ನಮ್ಮ ಬಡಾವಣೆಯ ಓರಗೆಯವರು. ಇದರಿಂದ ಏನು ಸಿದ್ಧವಾಗುತ್ತದೆ ಅಂತ ಕೇಳಬೇಡಿ, ಏನೂ ಇಲ್ಲ. ಆವತ್ತು ನಮ್ಮಾಕೆ ಮಾತ್ರ ‘ಎಷ್ಟಾದರೂ ಮಂಡ್ಯದ ಹೆಣ್ಣುಮಗಳು’ ಅಂತ ಒಂದು ಗಳಿಗೆ ಸುಮ್ಮನೆ ಕೂತಿದ್ದಳು.

ತಮಿಳುನಾಡಿನ ಕೇಸು ನಮ್ಮೂರಿಗೆ ಯಾಕೆ ಬಂತು? 1991ರ ಜುಲೈ 1ರಿಂದ 1996ರ ಏಪ್ರಿಲ್ 30ರವರೆಗಿನ ಅವರ ಮೊದಲ ಮುಖ್ಯಮಂತ್ರಿಗಿರಿಯ ಅವಧಿಯಲ್ಲಿ 66.65 ಕೋಟಿಯ ಆಸ್ತಿ ಆದಾಯ ಮೀರಿ ಬಂದಿದೆ ಅನ್ನುವುದು ಆರೋಪ. ಆಗ ಅವರು ತೆಗೆದುಕೊಳ್ಳುತ್ತಿದ್ದ ಸಂಬಳ ತಿಂಗಳಿಗೆ ಒಂದೇ ರೂಪಾಯಿ. ಮೊದಲು ವಿಚಾರಣೆ ಚೆನ್ನೈಯಲ್ಲೇ ನಡೆಯುತ್ತಿತ್ತು. 2001ರಲ್ಲಿ ಅವರು ಮತ್ತೆ ಅಧಿಕಾರಕ್ಕೆ ಬಂದರು. ಆಗಲೇ ಸಾಕ್ಷಿ ಹೇಳಿ ಮುಗಿಸಿದ್ದ 76 ಜನರನ್ನು ಮತ್ತೆ ಕರೆಸಿದರೆ, 64 ಮಂದಿ ಹಿಂದೆ ಹೇಳಿದ್ದಕ್ಕೆ ತಿರುಗಿಬಿದ್ದರು. ಡಿ.ಎಂ.ಕೆ.ಯ ಕೆ. ಅನ್ಬಳಗನ್ ಸುಪ್ರೀಂ ಕೋರ್ಟಿಗೆ ಹೋದರು. 2003ರ ನವೆಂಬರ್ 18ರಂದು ಕೇಸು ಕರ್ನಾಟಕಕ್ಕೆ ವರ್ಗವಾಯಿತು. ಅಲ್ಲಿಂದ ಹನ್ನೊಂದು ವರ್ಷ. ತಮಿಳಿನ ದಾಖಲೆಗಳು, ಇಂಗ್ಲಿಷಿನ ಅನುವಾದಗಳು, ಕನ್ನಡದ ಗುಮಾಸ್ತರು. ಜಡ್ಜುಗಳು ಒಬ್ಬರಾದ ಮೇಲೊಬ್ಬರು ಬದಲಾದರು. ಮಲ್ಲಿಕಾರ್ಜುನಯ್ಯನವರ ಮುಂದೆ 2011ರ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಜಯಲಲಿತಾ ಖುದ್ದಾಗಿ ಬಂದು ನಾಲ್ಕು ದಿನ ಕೂತು 1,339 ಪ್ರಶ್ನೆಗಳಿಗೆ ಉತ್ತರ ಹೇಳಿದರು. ಆಮೇಲೆ ಬಂದ ಬಾಲಕೃಷ್ಣ 2013ರ ಸೆಪ್ಟೆಂಬರ್ ಕೊನೆಗೆ ನಿವೃತ್ತರಾಗುವಾಗ, ಇವರನ್ನೇ ಮುಂದುವರಿಸಿ ಅಂತ ಆರೋಪಿಗಳ ಕಡೆಯಿಂದಲೇ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಜಡ್ಜ್ ಮನೆಗೆ ಹೋಗಬಾರದು ಅಂತ ಆರೋಪಿಯೇ ಕೇಳಿದ ಕೇಸನ್ನು ಸಾಹೇಬರು ತಮ್ಮ ಜನ್ಮದಲ್ಲಿ ಬೇರೆ ನೋಡಿಲ್ಲವಂತೆ. ಮುಂದುವರಿಕೆ ಸಿಗಲಿಲ್ಲ. ಆ ಜಾಗಕ್ಕೆ ಬಂದವರು ಕುನ್ಹಾ.

ಮಂಗಳೂರಿನ ಕಡೆಯವರು. 1985ರಿಂದ ವಕೀಲಿಕೆ, 2002ರಲ್ಲಿ ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಿ ಆಯ್ಕೆ. ನಾಲ್ಕಾರು ಊರು ಸುತ್ತಿ, ಹೈಕೋರ್ಟಿನಲ್ಲಿ ವಿಜಿಲೆನ್ಸ್ ರಿಜಿಸ್ಟ್ರಾರ್ ಆಗಿದ್ದವರು. ಕೂತ ಪೀಠದ ಹೆಸರು 36ನೇ ಹೆಚ್ಚುವರಿ ಸಿಟಿ ಸಿವಿಲ್ ಮತ್ತು ಸೆಷನ್ಸ್ ಕೋರ್ಟು. ಎದುರಿಗೆ 2004ರ 208ನೇ ನಂಬರಿನ ವಿಶೇಷ ಕೇಸು. ಪ್ರಾಸಿಕ್ಯೂಷನ್ ಕಡೆಯಿಂದ 259 ಸಾಕ್ಷಿಗಳು, ಆರೋಪಿಗಳ ಕಡೆಯಿಂದ 99. ಅಷ್ಟನ್ನೂ ತಾವು ಕೇಳಿದವರಲ್ಲ, ಹಿಂದಿನವರು ಬರೆಸಿಟ್ಟದ್ದನ್ನು ಓದಬೇಕು. ವಾದ ಮುಂದಕ್ಕೆ ಹೋಗುವುದನ್ನು ಅವರು ಸಹಿಸಲಿಲ್ಲ. ವಿಶೇಷ ಸರ್ಕಾರಿ ಅಭಿಯೋಜಕರೇ ಅನಾರೋಗ್ಯವೆಂದು ಸಮಯ ಕೇಳಿದಾಗ ಅವರ ಫೀಸಿನಿಂದಲೇ ದಂಡ ಹಾಕಿದರು. ಒಂದು ವರ್ಷ ತುಂಬುವುದರೊಳಗೆ 1,136 ಪುಟದ ತೀರ್ಪು.

‘ಓದಿದೀರಾ ಸಾರ್?’ ಅಂದೆ.

‘ಅದನ್ನು ಓದಬೇಕಾದವರು ನೀವು ಮೇಷ್ಟ್ರೇ. ಅದರಲ್ಲಿ ಕಾನೂನು ಕಮ್ಮಿ, ಲೆಕ್ಕ ಜಾಸ್ತಿ.’

ಹೌದು ಸ್ವಾಮಿ, ಲೆಕ್ಕವೇ. ಅಕ್ರಮ ಆಸ್ತಿಯ ಕೇಸು ಅಂದರೆ ಕೊನೆಗೂ ಒಂದು ಮನೆಯ ಜಮಾಖರ್ಚು ತಾನೆ? ಆಸ್ತಿಗೆ ಖರ್ಚನ್ನು ಕೂಡಿ, ಆದಾಯ ಕಳೆದು, ಉಳಿದದ್ದೆಷ್ಟು. ಸೂತ್ರ ಎಂಟನೇ ಕ್ಲಾಸಿನದು. ಆದರೆ ಒಂದೊಂದು ಸಂಖ್ಯೆಯ ಹಿಂದೆಯೂ ಒಂದೊಂದು ಜಗಳ. ಹೈದರಾಬಾದಿನ ದ್ರಾಕ್ಷಿ ತೋಟದಲ್ಲಿ ಎಕರೆಗೆ ಎಷ್ಟು ಬೆಳೆ ಬಂತು? ಕಟ್ಟಡಕ್ಕೆ ಹಾಕಿದ ಮಾರ್ಬಲ್ಲಿಗೆ ಆ ವರ್ಷ ಚದರಡಿಗೆ ಎಷ್ಟಿತ್ತು? ಪತ್ರಿಕೆಯ ಚಂದಾ ಠೇವಣಿಯೆಂದು ಕೋಟಿಗಟ್ಟಲೆ ಬಂದಿತ್ತು ಅನ್ನುವುದಕ್ಕೆ ರಸೀತಿ ಎಲ್ಲಿದೆ, ಇದ್ದರೆ ಅದನ್ನು ಬರೆದದ್ದು ಯಾವಾಗ? ಹೊಸ ಕಟ್ಟಡಗಳಿಗೆ ಸುಮಾರು 28 ಕೋಟಿ ಅಂತ ಇಂಜಿನಿಯರುಗಳು ಹೇಳಿದ್ದನ್ನು ಕುನ್ಹಾ ಹಾಗೇ ಒಪ್ಪಿಕೊಳ್ಳಲಿಲ್ಲ, ನೂರಕ್ಕೆ ಇಪ್ಪತ್ತು ಕಡಿದು ಸುಮಾರು 22.53 ಕೋಟಿ ಮಾಡಿದರು. ಕೊನೆಗೆ ಅವರ ಕೂಡುಲೆಕ್ಕ: ಆಸ್ತಿ 55 ಕೋಟಿ ಚಿಲ್ಲರೆ, ಖರ್ಚು ಎಂಟೂವರೆ ಕೋಟಿಯಷ್ಟು, ಆದಾಯ 9.91 ಕೋಟಿ. ಆದಾಯಕ್ಕೆ ಮೀರಿದ್ದು 53.60 ಕೋಟಿ. ಪ್ರಾಸಿಕ್ಯೂಷನ್ ಕೇಳಿದ 66ಕ್ಕಿಂತ ಕಮ್ಮಿ. ಇದು ನನಗೆ ಹಿಡಿಸಿತು. ಶಿಕ್ಷೆ ಕೊಡಲೇಬೇಕು ಅಂತ ಕೂತವರು ಆರೋಪಿಯ ಪರವಾಗಿ ಹದಿಮೂರು ಕೋಟಿ ಯಾಕೆ ಕಡಿಯುತ್ತಾರೆ?

ಮದುವೆಯ ಖರ್ಚಿನ ವಿಷಯ ಇನ್ನೂ ಮಜಾ. 1995ರ ಸೆಪ್ಟೆಂಬರ್ 7ರಂದು ಮದ್ರಾಸಿನಲ್ಲಿ ಜಯಲಲಿತಾ ತಮ್ಮ ಸಾಕುಮಗನೆಂದು ಹೇಳಿಕೊಂಡಿದ್ದ ಸುಧಾಕರನ್ ಮದುವೆ, ಶಿವಾಜಿ ಗಣೇಶನ್ ಮೊಮ್ಮಗಳ ಜೊತೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಜನಕ್ಕೆ ಊಟ ಅಂತ ಗಿನ್ನೆಸ್ ಪುಸ್ತಕದಲ್ಲಿ ದಾಖಲಾದ ಮದುವೆ. ಇದಕ್ಕೆ ಪ್ರಾಸಿಕ್ಯೂಷನ್ ಹೇಳಿದ್ದು ಸುಮಾರು ಆರೂವರೆ ಕೋಟಿ. ಕುನ್ಹಾ 3 ಕೋಟಿಗೆ ಇಳಿಸಿದರು. ಮುಂದೆ ಹೈಕೋರ್ಟಿನಲ್ಲಿ ಇದೇ ಖರ್ಚು ಜಯಲಲಿತಾ ಅವರ ಲೆಕ್ಕಕ್ಕೆ 28.68 ಲಕ್ಷವಾಯಿತು. ಹೆಣ್ಣಿನ ಕಡೆಯವರು ಬಹುಪಾಲು ಖರ್ಚು ಮಾಡಿದರು ಅನ್ನುವುದು ಅಲ್ಲಿ ನಿಂತ ವಾದ, ಅದನ್ನು ಹೇಳಿಬಿಡಬೇಕು. ಆದರೂ ನನ್ನ ಕೈ ಸುಮ್ಮನಿರಬೇಕಲ್ಲ, ಪೇಪರಿನ ಅಂಚಿನಲ್ಲೇ ಭಾಗಿಸಿ ನೋಡಿದೆ. ಆ ಮೊತ್ತ ಒಂದೂವರೆ ಲಕ್ಷ ಎಲೆಗೆ ಹಂಚಿದರೆ ಎಲೆಗೆ ಹತ್ತೊಂಬತ್ತು ರೂಪಾಯಿ. ಚಪ್ಪರ, ವಾಲಗ, ದೀಪ ಎಲ್ಲ ಸೇರಿ. ಈ ಲೆಕ್ಕ ಕೇಳಿ ನಮ್ಮ ಬನಶಂಕರಿಯ ಅಡುಗೆ ಕಂಟ್ರಾಕ್ಟರು, ‘ಹತ್ತೊಂಬತ್ತು ರೂಪಾಯಿಗೆ ಆಗಿನ ಕಾಲಕ್ಕೂ ಚಿರೋಟಿ ಹಾಕಕ್ಕೆ ಆಗ್ತಿರಲಿಲ್ಲ ಸ್ವಾಮಿ’ ಅಂದ.

ಹೈಕೋರ್ಟಿನ ಮಾತು ಬಂತಲ್ಲ, ಅದನ್ನೂ ಹೇಳಿ ಮುಗಿಸುತ್ತೇನೆ. ಜಯಲಲಿತಾ ಮೂರು ವಾರ ಅಗ್ರಹಾರದಲ್ಲಿದ್ದು, ಸುಪ್ರೀಂ ಕೋರ್ಟು ಜಾಮೀನು ಕೊಟ್ಟ ಮೇಲೆ ಅಕ್ಟೋಬರ್ 18ಕ್ಕೆ ಬಿಡುಗಡೆಯಾದರು. ಮೇಲ್ಮನವಿ ನಮ್ಮ ಹೈಕೋರ್ಟಿಗೆ ಬಂತು. 2015ರ ಮೇ 11ರಂದು ನ್ಯಾಯಮೂರ್ತಿ ಸಿ.ಆರ್. ಕುಮಾರಸ್ವಾಮಿಯವರು 919 ಪುಟದ ತೀರ್ಪಿನಲ್ಲಿ ನಾಲ್ವರನ್ನೂ ಖುಲಾಸೆ ಮಾಡಿದರು. ಅಲ್ಲಿಯೂ ಲೆಕ್ಕವೇ. ಆದಾಯ 34.76 ಕೋಟಿ, ಆಸ್ತಿ ಮತ್ತು ಖರ್ಚು ಸೇರಿ 37.59 ಕೋಟಿ. ಮೀರಿದ್ದು 2.82 ಕೋಟಿ, ಅಂದರೆ ಶೇಕಡಾ 8.12. ನೂರಕ್ಕೆ ಹತ್ತರೊಳಗೆ ಮೀರಿದ್ದರೆ ಹೋಗಲಿ ಬಿಡಿ ಅಂತ 1976ರ ಕೃಷ್ಣಾನಂದ ಅಗ್ನಿಹೋತ್ರಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದುಂಟು. ಅದರ ಮೇಲೆ ಖುಲಾಸೆ.

ಆದರೆ ಆದಾಯದಲ್ಲಿ ಸೇರಿಸಿದ್ದ ಬ್ಯಾಂಕು ಸಾಲಗಳ ಪಟ್ಟಿ ಇತ್ತಲ್ಲ, ಹತ್ತು ಸಾಲು. ಅದರ ಕೆಳಗೆ ಬರೆದ ಮೊತ್ತ 24.17 ಕೋಟಿ. ಕೂಡಿ ನೋಡಿದರೆ ಬರುವುದು 10.67 ಕೋಟಿ. ಹದಿಮೂರೂವರೆ ಕೋಟಿ ಎಲ್ಲಿಂದ ಬಂತೋ ದೇವರೇ ಬಲ್ಲ. ಪ್ರಾಸಿಕ್ಯೂಷನ್ ಪರ ಬಂದಿದ್ದ ಹಿರಿಯ ವಕೀಲ ಬಿ.ವಿ. ಆಚಾರ್ಯರು ಇದನ್ನು ಎತ್ತಿ ಹೇಳಿದರು. ಸರಿಯಾಗಿ ಕೂಡಿದರೆ ಆದಾಯ ಇಳಿದು, ಮೀರಿದ ಆಸ್ತಿ 16.32 ಕೋಟಿಗೆ, ಶೇಕಡಾ 76ರ ಆಸುಪಾಸಿಗೆ ಹೋಗುತ್ತದೆ. ಎಂಟಕ್ಕೂ ಎಪ್ಪತ್ತಾರಕ್ಕೂ ನಡುವೆ ಇದ್ದದ್ದು ಹತ್ತು ಸಾಲಿನ ಒಂದು ಸಂಕಲನ. ಆ ದಿನ ಜಯನಗರದ ಪಾರ್ಕುಗಳಲ್ಲಿ ಎಷ್ಟು ಜನ ನಿವೃತ್ತ ಬ್ಯಾಂಕಿನವರು, ಎಷ್ಟು ಜನ ಎ.ಜಿ. ಆಫೀಸಿನವರು ಪೇಪರಿನ ಮೇಲೆ ಪೆನ್ಸಿಲ್ ಹಿಡಿದು ಕೂತಿದ್ದರೋ! ನಾನಂತೂ ಮೂರು ಸಲ ಕೂಡಿದೆ, ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ಹತ್ತು ಕೋಟಿ ಅರವತ್ತೇಳು ಲಕ್ಷವೇ.

ಸಾಹೇಬರು ಇದನ್ನು ನಕ್ಕು ಹೇಳುವುದಿಲ್ಲ. ‘ಮೇಲಿನ ಕೋರ್ಟಿನವರನ್ನು ಆಡಿಕೊಳ್ಳಬಾರದು. ಆದ್ರೆ ಒಂದು ತಿಳ್ಕೊಳ್ಳಿ, ಬೆಳಗಿನಿಂದ ಸಂಜೆವರೆಗೂ ಎಲ್ಲಾ ರಸೀತಿ ಮುಟ್ಟಿ ನೋಡಿದವನಿಗೆ, ಕೊನೆಯಲ್ಲಿ ಮೊತ್ತ ತಪ್ಪಿದ್ರೆ ಕೈ ಕಡಿಯುತ್ತೆ. ಇಷ್ಟು ಬರಕ್ಕೆ ಸಾಧ್ಯವಿಲ್ಲ ಅನ್ಸುತ್ತೆ. ಬರೀ ಪೇಪರ್ ಬುಕ್ ನೋಡಿದವರಿಗೆ ಹಂಗೆ ಅನ್ಸಲ್ಲ’ ಅಂತಾರೆ. ನನಗೂ ಸರಿ ಅನ್ನಿಸಿತು. ದೇಶದಲ್ಲಿ ಕಾನೂನು ಬಲ್ಲ ದೊಡ್ಡವರಿಗೆ ಬರಗಾಲವಿಲ್ಲ. ಹೆಸರಿಲ್ಲದ ಊರಿನ ಹೆಸರಿಲ್ಲದ ಕೋರ್ಟಿನಲ್ಲಿ ಕೂತು, ಸಾಲು ಸಾಲನ್ನೂ ತಾಳೆ ನೋಡುವವರನ್ನು ನಾವು ಕೆಳಗಿನವರು ಅಂತ ಕರೆದುಬಿಟ್ಟಿದ್ದೇವೆ.

2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು 570 ಪುಟದ ತೀರ್ಪಿನಲ್ಲಿ ಹೈಕೋರ್ಟಿನದ್ದನ್ನು ತೆಗೆದುಹಾಕಿ, ಕುನ್ಹಾ ಅವರದ್ದನ್ನೇ ಎತ್ತಿ ನಿಲ್ಲಿಸಿತು. ನ್ಯಾಯಮೂರ್ತಿಗಳಾದ ಪಿನಾಕಿ ಚಂದ್ರ ಘೋಷ್ ಮತ್ತು ಅಮಿತಾವ ರಾಯ್. ಅಷ್ಟರೊಳಗೆ ಜಯಲಲಿತಾ ತೀರಿಕೊಂಡು ಎರಡು ತಿಂಗಳು ಮೀರಿತ್ತು, ಅವರ ಮೇಲಿನ ಕೇಸು ಅಲ್ಲಿಗೆ ನಿಂತಿತು. ಮುಖ್ಯಮಂತ್ರಿಯಾಗಲು ತಯಾರಾಗಿದ್ದ ಶಶಿಕಲಾ ಮರುದಿನ ಚೆನ್ನೈಯಿಂದ ಕಾರಿನಲ್ಲಿ ಬಂದು ಪರಪ್ಪನ ಅಗ್ರಹಾರ ಸೇರಿದರು. ಕುನ್ಹಾ ಆ ಹೊತ್ತಿಗೆ ಹೈಕೋರ್ಟಿನ ನ್ಯಾಯಮೂರ್ತಿ. 2016ರ ನವೆಂಬರಿನಲ್ಲಿ ಬಡ್ತಿಯಾಗಿತ್ತು. ತಮ್ಮ ತೀರ್ಪನ್ನು ಒಮ್ಮೆ ರದ್ದು ಮಾಡಿದ ಕೋರ್ಟಿನಲ್ಲೇ ಕೂತು, ಅದು ದಿಲ್ಲಿಯಲ್ಲಿ ಮತ್ತೆ ಎದ್ದು ನಿಂತ ಸುದ್ದಿಯನ್ನು ಅವರು ಕೇಳಿದ್ದಾರೆ. ಅದರ ಬಗ್ಗೆ ಏನಾದರೂ ಮಾತಾಡಿದರೇ? ಜಡ್ಜುಗಳು ಮಾತಾಡುವುದು ತೀರ್ಪಿನಲ್ಲಿ ಮಾತ್ರ ಅಂತ ನಮ್ಮ ಸಾಹೇಬರು ಆ ಪ್ರಶ್ನೆಯನ್ನೇ ತಳ್ಳಿಹಾಕಿದರು.

ಸಾಹೇಬರ ಮಗ ಅಮೆರಿಕದಲ್ಲಿದ್ದಾನೆ. (ಜಯನಗರದಲ್ಲಿ ಯಾರ ಮಗ ಇಲ್ಲ ಹೇಳಿ.) ಅವನನ್ನು ನೋಡಲು ಹೋದಾಗ ಇವರು ಗ್ರ್ಯಾಂಡ್ ಕ್ಯಾನ್ಯನ್ ನೋಡುವುದು ಬಿಟ್ಟು ಕೋರ್ಟು ನೋಡಿಕೊಂಡು ಬಂದರು. ಅಲ್ಲಿ ರಾಜ್ಯಗಳ ಕೋರ್ಟೇ ಬೇರೆ, ಕೇಂದ್ರದ ಕೋರ್ಟೇ ಬೇರೆ. ಕೇಂದ್ರದ ವಿಚಾರಣಾ ಜಡ್ಜನ್ನು ಅಧ್ಯಕ್ಷರೇ ಹೆಸರಿಸಿ, ಸೆನೆಟ್ ಒಪ್ಪಬೇಕು. ಒಪ್ಪಿದ ಮೇಲೆ ಸಾಯುವವರೆಗೂ ಕೆಲಸ, ಸಂಬಳ ಕಡಿಯುವಂತಿಲ್ಲ. ಗೂಗಲ್ ಕಂಪನಿಯ ವಿರುದ್ಧ 2024ರಲ್ಲಿ ಏಕಸ್ವಾಮ್ಯದ ತೀರ್ಪು ಕೊಟ್ಟ ಅಮಿತ್ ಮೆಹ್ತಾ ಅಂಥವರೊಬ್ಬರು, ಹುಟ್ಟಿದ್ದು ಗುಜರಾತಿನ ಪಾಟಣದಲ್ಲಿ. ನಮ್ಮಲ್ಲಿ ಹಾಗಿಲ್ಲ. ಕೇಂದ್ರದ ಕಾನೂನಾದರೂ, ಸಿ.ಬಿ.ಐ. ಕೇಸಾದರೂ, ಕೇಳುವುದು ರಾಜ್ಯದ ಜಿಲ್ಲಾ ಜಡ್ಜೇ. ತಮಿಳುನಾಡಿನ ಮುಖ್ಯಮಂತ್ರಿಯ ಕೇಸು ಕರ್ನಾಟಕದ ಸಂಬಳದ ಜಡ್ಜ್ ಮುಂದೆ ಬಂದದ್ದು ಹೀಗೆ. ಅರವತ್ತು ತುಂಬಿತೋ ಹಾರ ಹಾಕಿ ಮನೆಗೆ ಕಳಿಸುತ್ತಾರೆ. ಹೈಕೋರ್ಟಾದರೆ 62, ಸುಪ್ರೀಂ ಕೋರ್ಟಾದರೆ 65.

ಸಾಹೇಬರಿಗೆ ಅಲ್ಲಿ ಯಾರೋ ಹೇಳಿದ ಕಥೆಯೊಂದು ಬಹಳ ಹಿಡಿಸಿಬಿಟ್ಟಿದೆ. ಕಾನ್ಸಸ್ ರಾಜ್ಯದ ವಿಚಿಟಾ ಊರಿನಲ್ಲಿ ವೆಸ್ಲಿ ಬ್ರೌನ್ ಅಂತ ಒಬ್ಬ ಕೇಂದ್ರ ಜಡ್ಜ್. 1907ರಲ್ಲಿ ಹುಟ್ಟಿದವರು, 1962ರಲ್ಲಿ ಕೆನೆಡಿ ನೇಮಿಸಿದವರು. 2012ರ ಜನವರಿಯಲ್ಲಿ 104ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಜಡ್ಜ್ ಆಗಿಯೇ ಇದ್ದರು. ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು ಪೀಠಕ್ಕೆ ಬರುತ್ತಿದ್ದರು. ಹೊಸ ಕೇಸು ಬಂದರೆ, ಇದು ಮುಗಿಯುವವರೆಗೆ ನಾನು ಇರುತ್ತೇನೋ ಇಲ್ಲವೋ ಅಂತ ವಕೀಲರಿಗೆ ಮೊದಲೇ ಹೇಳಿಬಿಡುತ್ತಿದ್ದರಂತೆ. ಈ ವಯಸ್ಸಿನಲ್ಲಿ ನಾನು ಕಾಯಿ ಬಾಳೆಹಣ್ಣನ್ನೇ ಕೊಳ್ಳುವುದಿಲ್ಲ ಅನ್ನುತ್ತಿದ್ದರಂತೆ. ಹಣ್ಣಾಗುವವರೆಗೆ ಇರಬೇಕಲ್ಲ! ಅದನ್ನು ಕೇಳಿ ಬಂದಾಗಿನಿಂದ ನಮ್ಮ ಸಾಹೇಬರು ಮಾರ್ಕೆಟ್ಟಿನಲ್ಲಿ ಏಲಕ್ಕಿ ಬಾಳೆಯ ಗೊನೆ ಮುಟ್ಟಿ ನೋಡುವಾಗ ನನ್ನ ಕಡೆ ತಿರುಗಿ ಒಂದು ನಗು ನಗುತ್ತಾರೆ. ಅವರು ಕೊಳ್ಳುವುದು ಕಾಯಿಯನ್ನೇ. ನಮ್ಮಲ್ಲೂ ನ್ಯಾಯಮೂರ್ತಿ ನಿಟ್ಟೂರು ಶ್ರೀನಿವಾಸರಾಯರು ನೂರು ತುಂಬಿಸಿದವರು, 1903ರಿಂದ 2004ರವರೆಗೆ. ಆದರೆ ಅರವತ್ತಕ್ಕೆ ಕೋರ್ಟು ಬಿಟ್ಟು ಬಂದವರು. ದೇಶದ ಮೊದಲ ಕೇಂದ್ರ ಜಾಗೃತ ಆಯುಕ್ತರಾದದ್ದು ಅದಾದ ಮೇಲೆ.

ನೂರನಾಲ್ಕು ಅತಿಯಾಯಿತು ಅಂತ ನನ್ನ ಅಭಿಪ್ರಾಯ, ಅರವತ್ತು ಸ್ವಲ್ಪ ಕಮ್ಮಿಯಾಯಿತು. ಒಬ್ಬ ಜಡ್ಜ್ ಸಾಕ್ಷಿಯ ಮುಖ ಓದುವುದನ್ನು ಚೆನ್ನಾಗಿ ಕಲಿಯುವ ಹೊತ್ತಿಗೆ ಪೆನ್ಶನ್ ಪೇಪರು ಬಂದಿರುತ್ತದೆ. ಆಮೇಲೆ ಕನಕಪುರ ರಸ್ತೆಯ ಜುಡಿಷಿಯಲ್ ಲೇಔಟಿನಲ್ಲೋ ಜೆ.ಪಿ. ನಗರದಲ್ಲೋ ಒಂದು ಮನೆ, ಬಿ.ಪಿ. ಮಾತ್ರೆ, ರಾಗಿಗುಡ್ಡದ ಮೆಟ್ಟಿಲು. ಇನ್ನೊಂದು ಕಡೆ, ಹೊಸದಾಗಿ ಸಿವಿಲ್ ಜಡ್ಜ್ ಆಗುವವರಿಗೆ ಮೂರು ವರ್ಷ ವಕೀಲಿಕೆ ಮಾಡಿದ ಅನುಭವ ಇರಲೇಬೇಕು ಅಂತ ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿತು. ಸಾಹೇಬರಿಗೆ ಬಹಳ ಸಮಾಧಾನ. ಕಾಲೇಜಿನಿಂದ ನೇರವಾಗಿ ಪೀಠಕ್ಕೆ ಬಂದ ಹುಡುಗರು ವಕೀಲರು ಹೇಳುವ ಕಾರಣವನ್ನೆಲ್ಲ ನಂಬಿಬಿಡುತ್ತಾರೆ ಅನ್ನುವುದು ಅವರ ದೂರು. ‘ಮೂರು ವರ್ಷ ತಾವೇ ಕಾರಣ ಹೇಳಿದ್ರೆ ಗೊತ್ತಾಗುತ್ತೆ ಬಿಡಿ, ಯಾವುದು ನಿಜ ಅಂತ.’

ಹಳದಿ ಲೈನಿನ ಮೆಟ್ರೊ ಶುರುವಾದ ಮೇಲೆ, 2025ರ ಆಗಸ್ಟಿನಲ್ಲಿ, ನಾವಿಬ್ಬರೂ ಒಂದು ಸಲ ಸುಮ್ಮನೆ ಹತ್ತಿದೆವು. ಆರ್.ವಿ. ರಸ್ತೆಯಲ್ಲಿ ಹತ್ತಿದರೆ ರಾಗಿಗುಡ್ಡ, ಜಯದೇವ, ಬಿ.ಟಿ.ಎಂ. ಲೇಔಟ್, ಸಿಲ್ಕ್ ಬೋರ್ಡು. ಹಿರಿಯ ನಾಗರಿಕರಿಗೆ ಸೀಟು ಬಿಟ್ಟುಕೊಟ್ಟ ಹುಡುಗಿಗೆ ಸಾಹೇಬರು ಇಂಗ್ಲಿಷಿನಲ್ಲಿ ಕೃತಜ್ಞತೆ ಹೇಳಿದರು, ಹೈಕೋರ್ಟಿಗೆ ಪತ್ರ ಬರೆದ ಹಾಗೆ. ಹೊಸ ರೋಡ್ ಸ್ಟೇಷನ್ನು ಬಂದಾಗ ಕಿಟಕಿಯಿಂದ ಕೈ ತೋರಿಸಿ, ‘ಜೈಲು ಈ ಕಡೆಗೆ’ ಅಂದರು. ಎದುರಿಗೆ ಕೂತಿದ್ದ ಐ.ಟಿ. ಹುಡುಗ ಕಿವಿಯ ಇಯರ್‌ಫೋನ್ ತೆಗೆದು ಒಮ್ಮೆ ಇವರ ಮುಖ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ನಮ್ಮಿಬ್ಬರಲ್ಲಿ ಒಳಗಿದ್ದು ಬಂದವರು ಯಾರು ಅಂತ ಅವನ ಅನುಮಾನ ಇರಬೇಕು. ಮುಂದಿನ ಸ್ಟೇಷನ್ನಿನಲ್ಲಿ ಬೇರೆ ಕಡೆ ಹೋಗಿ ನಿಂತ.

ಆ ಕೇಸಿನ ಮುದ್ದೆಮಾಲು ಅಂತೂ ಬೆಂಗಳೂರಿನಿಂದ ಹೋಯಿತು. ಇಷ್ಟು ವರ್ಷ ಕೋರ್ಟಿನ ವಶದಲ್ಲಿದ್ದ ಸುಮಾರು 27 ಕಿಲೋ ಚಿನ್ನ, ಸಾವಿರಕ್ಕೂ ಹೆಚ್ಚು ಎಕರೆ ಜಮೀನಿನ ಪತ್ರಗಳು, 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಅಧಿಕಾರಿಗಳ ಕೈಗೆ ಹೋದವು. ಪಟ್ಟಿ ಹಿಡಿದು ಒಂದೊಂದನ್ನೇ ತಾಳೆ ನೋಡಿ, ತೂಕ ಹಾಕಿ, ಸಹಿ ಮಾಡಿಸಿಕೊಂಡು ಕೊಟ್ಟರಂತೆ. ಹತ್ತು ಸಾವಿರ ದಾಟಿದ ಸೀರೆಗಳ ಸುದ್ದಿ ಕೇಳಿ ಕೇಳಿ ನಮ್ಮಾಕೆಗೆ ಚಿನ್ನದ ಮೇಲೆ ಆಸಕ್ತಿಯೇ ಹುಟ್ಟಲಿಲ್ಲ. ‘ಅಷ್ಟು ವರ್ಷ ಮಡಿಚಿಟ್ಟ ರೇಷ್ಮೆ ಸೀರೆ ಮಡಿಕೆ ಮಡಿಕೆಯಲ್ಲೇ ಸೀಳಿಹೋಗಿರುತ್ತೆ. ಆಗಾಗ ಮಗ್ಗುಲು ಬದಲಾಯಿಸಿ ಮಡಿಚಬೇಕು ಅಂತ ಆ ಕೋರ್ಟಿನಲ್ಲಿ ಒಬ್ಬರಿಗೂ ಹೊಳೀಲಿಲ್ವೇ?’ ಅಂತ ಅವಳ ತಕರಾರು. ಇದನ್ನು ಸಾಹೇಬರ ಮುಂದಿಟ್ಟೆ. ಅವರು ಬಹಳ ಗಂಭೀರವಾಗಿ ಯೋಚನೆ ಮಾಡಿ, ಮುದ್ದೆಮಾಲನ್ನು ಬಿಚ್ಚಿ ಮಡಿಚಲು ಕೋರ್ಟಿನ ಆದೇಶ ಬೇಕು, ಆದೇಶಕ್ಕೆ ಯಾರಾದರೂ ಅರ್ಜಿ ಹಾಕಬೇಕು ಅಂದರು.

ಕುನ್ಹಾ 2021ರ ಏಪ್ರಿಲಿನಲ್ಲಿ ನಿವೃತ್ತರಾದರು. ಬಿಡುವಂತೂ ಸಿಕ್ಕಿಲ್ಲ. 2023ರಲ್ಲಿ ಕೋವಿಡ್ ಕಾಲದ ಖರೀದಿಗಳ ತನಿಖೆಗೆ ಅವರದೇ ಆಯೋಗ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಕಾಲ್ತುಳಿತವಾಗಿ ಹನ್ನೊಂದು ಜನ ಸತ್ತಾಗ ಅದಕ್ಕೂ ಅವರದೇ ಆಯೋಗ, ಮರುತಿಂಗಳೇ ವರದಿ. ಮಾಸ್ಕು, ಪಿ.ಪಿ.ಇ. ಕಿಟ್ಟುಗಳ ಬಿಲ್ಲು ಒಂದು ಕಡೆ, ಗೇಟು ತೆರೆದದ್ದೆಷ್ಟು ಹೊತ್ತಿಗೆ ಅನ್ನುವುದು ಇನ್ನೊಂದು ಕಡೆ. ಪೇಪರಿನಲ್ಲಿ ಅದನ್ನು ಓದಿದ ದಿನ ಸಾಹೇಬರಿಗೆ, ‘ನಿಮ್ಮನ್ನೂ ಯಾವುದಾದರೂ ಆಯೋಗಕ್ಕೆ ಕರೆದರೆ ಹೋಗ್ತೀರಾ ಸಾರ್?’ ಅಂದೆ.

‘ಸ್ಟೆನೊ ಕೊಡ್ತಾರಾ ಮೊದಲು ಕೇಳಿ’ ಅಂದರು.